ಪುಟ ಹನ್ನೊಂದರ ಗಂಟೆ

ಪ್ರಾದಲ್ತೊ ಎಂಬ ಬೆಟ್ಟದ ಊರಿನ ಪುರಸಭೆಯಲ್ಲಿ ತುಲ್ಲಿಯೊ ದೆಲ್ವಾಯ್ ಇಪ್ಪತ್ತಾರು ವರ್ಷಗಳಿಂದ ಎರಡು ವಿಷಯಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ನಾಯಿಗಳ ಪರವಾನಗಿ, ಇನ್ನೊಂದು ಸ್ಮಶಾನದ ಜಾಗ. ಎರಡರಲ್ಲೂ ಬರವಣಿಗೆಗೆ ಅವಕಾಶ ಕಡಿಮೆ. ನಾಯಿಯ ಬಣ್ಣ ಕಂದು ಎಂದು ತುಂಬಿಸಿದ ಮೇಲೆ ಅದರ ಸ್ವಭಾವದ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದರೆ ಅರ್ಜಿಯಲ್ಲಿ ಜಾಗವೇ ಇರುತ್ತಿರಲಿಲ್ಲ. ಆದರೂ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗಳಿಗೆ ಅಂಟಿಸುವ ಮರಣದ ಸೂಚನೆಯನ್ನು ಅವನೇ ಬರೆದುಕೊಡುತ್ತಿದ್ದ. ಅದನ್ನು ಓದಿ ಇಬ್ಬರು ವಿಧವೆಯರು ತಮ್ಮ ಗಂಡಂದಿರು ಅಷ್ಟೊಂದು ಒಳ್ಳೆಯವರಾಗಿದ್ದರೆಂದು ಮೊದಲ ಸಲ ತಿಳಿದುಕೊಂಡಿದ್ದರು. ಹೀಗಾಗಿ ತಾನೊಬ್ಬ ಲೇಖಕ, ಸರ್ಕಾರಿ ಕಡತಗಳ ಅಡಿಯಲ್ಲಿ ಸಿಕ್ಕಿಕೊಂಡಿರುವ ಲೇಖಕ, ಎಂಬ ನಂಬಿಕೆ ಅವನಲ್ಲಿ ಬಲವಾಗಿ ಬೇರೂರಿತ್ತು.

ಆ ವರ್ಷದ ಫೆಬ್ರವರಿಯಲ್ಲಿ ಹಿಮದ ಮೇಲೆ ಜಾರುವ ಅಂತರರಾಷ್ಟ್ರೀಯ ಸ್ಕೀ ಓಟದ ಪಂದ್ಯಗಳು ಪ್ರಾದಲ್ತೊಗೆ ಬರುವುದೆಂದು ನಿಶ್ಚಯವಾಯಿತು. ಇಪ್ಪತ್ತೆಂಟು ದೇಶ, ಐದು ದಿನ, ಊರಿನ ಜನಸಂಖ್ಯೆಯ ಹತ್ತರಷ್ಟು ಪ್ರೇಕ್ಷಕರು. ಬರುವವರ ಕೈಗೆ ಕೊಡಲು ಒಂದು ಕೈಪಿಡಿ ಬೇಕೆಂದು ಪಂದ್ಯದ ಸಮಿತಿಯವರು ಕೇಳಿದಾಗ ಮೇಯರ್ ಜೆದೆಯೋನೆಯವರು ಸಭೆಯ ಸುತ್ತ ಕಣ್ಣು ಹಾಯಿಸಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ತುಲ್ಲಿಯೊ ಮಾತ್ರ ಎದ್ದುನಿಂತು, ಬರವಣಿಗೆಯ ಭಾರ ನನಗೆ ಬಿಡಿ ಎಂದ.

ಕೆಲಸಕ್ಕೆ ಕೂತ ಮೇಲೆ ಗೊತ್ತಾಯಿತು, ಇದೂ ನಾಯಿಯ ಅರ್ಜಿಯಂಥದ್ದೇ ಎಂದು. ಬಸ್ಸಿನ ವೇಳೆ, ವಾಹನ ನಿಲ್ಲಿಸುವ ಜಾಗ, ಶೌಚಾಲಯದ ನಕ್ಷೆ, ಕಾಲು ಉಳುಕಿದರೆ ಯಾರಿಗೆ ಫೋನು ಮಾಡಬೇಕು, ಪರದೇಶದವರಿಗೆ ಉಪಯುಕ್ತವಾದ ಇಪ್ಪತ್ತು ವಾಕ್ಯಗಳು. ಎಲ್ಲಿಯೂ ಒಂದು ಉಪಮೆಗೆ ಕೂಡ ಎಡೆಯಿಲ್ಲ. ಆದರೆ ಅದೃಷ್ಟ ನೋಡಿ, ಅಚ್ಚಿಗೆ ಹೋಗುವ ಹಿಂದಿನ ದಿನ ಒಂದು ಹೋಟೆಲಿನವರು ತಮ್ಮ ಜಾಹೀರಾತನ್ನು ಹಿಂದಕ್ಕೆ ಪಡೆದರು. ಹನ್ನೊಂದನೇ ಪುಟದಲ್ಲಿ ಆರು ಸಾಲಿನಷ್ಟು ಜಾಗ ಖಾಲಿ ಬಿತ್ತು. ಇಪ್ಪತ್ತಾರು ವರ್ಷ ಕಾದಿದ್ದ ಲೇಖಕನಿಗೆ ಆರು ಸಾಲು ಸಾಕು.

ಚಳಿಗಾಲದಲ್ಲಿ ಹಸುಗಳು ಕೊಟ್ಟಿಗೆ ಸೇರಿದ ಮೇಲೆ ಅವುಗಳ ಕೊರಳಿನ ಗಂಟೆಗಳನ್ನು ಒರೆಸಿ ಜಗುಲಿಯ ಗೋಡೆಗೆ ನೇತುಹಾಕುವುದು ಪ್ರಾದಲ್ತೊದವರ ರೂಢಿ. ತುಲ್ಲಿಯೊ ಇದನ್ನೇ ಹಿಡಿದುಕೊಂಡ. 'ನಮ್ಮ ಪ್ರತಿಯೊಂದು ಮನೆಯ ಜಗುಲಿಯಲ್ಲೂ ಒಂದು ಗಂಟೆ ತೂಗುತ್ತಿದೆ. ಅದು ಗೋಡೆಯದಲ್ಲ, ಮನೆಯವರದೂ ಅಲ್ಲ. ದೂರದಿಂದ ಬಂದ ಗೆಳೆಯನೇ, ಅದು ನಿನ್ನದು. ಬಾ, ನಮ್ಮ ಗಂಟೆಗೆ ನಿನ್ನ ಕೈಯನ್ನು ಕೊಡು' ಎಂದು ಬರೆದು, ಮೂರು ಸಲ ಗಟ್ಟಿಯಾಗಿ ಓದಿಕೊಂಡು, ಮೂರನೆಯ ಸಲ ತನಗೇ ಕಣ್ಣು ತುಂಬಿದ್ದರಿಂದ ಇದು ಉತ್ತಮ ಸಾಹಿತ್ಯವೆಂದು ತೀರ್ಮಾನಿಸಿದ.

ಅದನ್ನು ಬೇರೆ ಮೂರು ಭಾಷೆಗಳಿಗೆ ತಿರುಗಿಸುವ ಕೆಲಸ ಮಾಧ್ಯಮಿಕ ಶಾಲೆಯ ಒಬ್ಬ ಉಪಾಧ್ಯಾಯಿನಿಯ ಪಾಲಿಗೆ ಬಂದಿತ್ತು. ಗಂಟೆಗೆ ಕೈ ಕೊಡುವುದೆಂದರೆ ಏನರ್ಥ ಎಂದು ಆಕೆ ಫೋನು ಮಾಡಿ ಕೇಳಿದಳು. ಅರ್ಥ ಕೇಳಬಾರದು, ಹೃದಯದಿಂದ ಅನುವಾದಿಸಬೇಕು ಎಂದು ತುಲ್ಲಿಯೊ ತಿಳಿಸಿದ. ಆಕೆಯ ಮುಂದೆ ನಲವತ್ತು ಉತ್ತರಪತ್ರಿಕೆಗಳಿದ್ದವು. 'ಬಾ, ನಮ್ಮ ಗಂಟೆಯನ್ನು ಕೈಗೆ ತೆಗೆದುಕೋ' ಎಂದು ಮೂರು ಭಾಷೆಗಳಲ್ಲೂ ಬರೆದು ಕಳಿಸಿಬಿಟ್ಟಳು. ಸ್ಕೀ ಓಟ ನೋಡಲು ಬರುವ ಉತ್ತರದ ದೇಶಗಳ ಜನ ಓಟಗಾರರನ್ನು ಹುರಿದುಂಬಿಸಲು ಗಂಟೆ ಬಾರಿಸುತ್ತಾರೆಂಬುದೂ, ಗಂಟೆಯೆಂದರೆ ಅವರಿಗೆ ಪ್ರಾಣವೆಂಬುದೂ ಈ ಇಬ್ಬರಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ತುಲ್ಲಿಯೊ ಮದುವೆಯಾಗಿರಲಿಲ್ಲ. ಹನ್ನೆರಡು ವರ್ಷಗಳಿಂದ ತಂದೆಯ ತಂಗಿ ಅರ್ಮಿದಾಳ ಮನೆಯ ಮೇಲಿನ ಕೋಣೆಯಲ್ಲಿ ಮಲಗಿ, ಕೆಳಗಿನ ಅಡುಗೆಮನೆಯಲ್ಲಿ ಉಣ್ಣುತ್ತಿದ್ದ. ಅತ್ತೆಗೆ ಎಪ್ಪತ್ನಾಲ್ಕು ವರ್ಷ, ಗಂಡ ಬೇಪಿ ತೀರಿಕೊಂಡು ಒಂಬತ್ತು ವರ್ಷ. ಪಂದ್ಯದ ಮೊದಲ ದಿನ ಬೆಳಿಗ್ಗೆ ಅವಳು ಜಗುಲಿಯಿಂದ ಅಳಿಯನನ್ನು ಕರೆದಳು. ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ತುಲ್ಲಿಯೊ ಅರ್ಧ ಕಾಫಿ ಬಿಟ್ಟು ಓಡಿದ.

"ಗೋಡೆ ಮೇಲೆ ಏನ್ ಕಾಣ್ತಿದೆ ನಿಂಗೆ?" ಎಂದಳು.

"ಏನೂ ಇಲ್ಲ ಅತ್ತೆ."

"ಹೌದಾ. ನನ್ನ ಕಣ್ಣೇ ಹೋಯ್ತೇನೋ ಅಂದ್ಕೊಂಡಿದ್ದೆ."

ಅಲ್ಲಿ ಮೂವತ್ತೊಂದು ವರ್ಷಗಳಿಂದ ತೂಗುತ್ತಿದ್ದ ದೊಡ್ಡ ಕಂಚಿನ ಗಂಟೆ ಇರಲಿಲ್ಲ. ಕೆಳಗಿನ ಬೆಂಚಿನ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಬಿಚ್ಚಿದರೆ ಒಣಮೀನು. ಜೊತೆಗೊಂದು ಚೀಟಿ: 'ಧನ್ಯವಾದ. ಪುಟ 11.'

ಈ ಗಂಟೆಯ ವಿಷಯ ಊರಿಗೆಲ್ಲ ಗೊತ್ತು. ಬೇಪಿಯೂ ಎದುರುಮನೆಯ ಚೆಲೆಸ್ತೀನೊವೂ ಹಿಂದೆ ಪಾಲಿನಲ್ಲಿ ದನ ಸಾಕುತ್ತಿದ್ದರು. ಜಾನುವಾರು ಪ್ರದರ್ಶನದಲ್ಲಿ ಅವರ ಹಸು ಕೊಂತೆಸ್ಸಾ ಮೊದಲ ಸ್ಥಾನ ಪಡೆದಾಗ ಬಹುಮಾನವಾಗಿ ಬಂದ ಗಂಟೆ ಅದು. ಹಸು ಇಬ್ಬರದು, ಗಂಟೆ ಒಂದು. ಮೊದಲ ವರ್ಷ ನಮ್ಮ ಜಗುಲಿಯಲ್ಲಿರಲಿ, ಮುಂದಿನ ವರ್ಷ ನಿನ್ನ ಜಗುಲಿಗೆ ಎಂದು ಬೇಪಿ ಒಯ್ದಿದ್ದ. ಆ ಮೊದಲ ವರ್ಷ ಇನ್ನೂ ಮುಗಿದಿರಲಿಲ್ಲ. ಚೆಲೆಸ್ತೀನೊ ಆವತ್ತು ಆ ಮನೆಯವರ ಜೊತೆ ಮಾತು ಬಿಟ್ಟವನು ಬೇಪಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗಲೂ ಬಾಯಿ ಬಿಟ್ಟಿರಲಿಲ್ಲ. ಒಂಟಿ ಮನುಷ್ಯ, ಎಪ್ಪತ್ತಾರು ವರ್ಷ, ದಿನವೂ ತನ್ನ ಕಿಟಕಿಯಿಂದ ಎದುರಿನ ಗಂಟೆಯನ್ನು ನೋಡುತ್ತ ಪೈಪು ಸೇದುವುದೇ ಕೆಲಸ.

ಅತ್ತೆ ಅಳಿಯನನ್ನು ಮುಂದಿಟ್ಟುಕೊಂಡು ಪೊಲೀಸ್ ಠಾಣೆಗೆ ನಡೆದಳು. ಅಲ್ಲಿ ಆಗಲೇ ಹದಿನಾಲ್ಕು ಮಂದಿ ಸಾಲುಗಟ್ಟಿದ್ದರು. ಬೇಕರಿಯವನ ಎರಡು ಗಂಟೆ ಹೋಗಿ ಬದಲಿಗೆ ಒಂದು ಬಾಟಲಿ ಮದ್ಯ ಬಂದಿತ್ತು. ಅವನ ದೂರು ಅಷ್ಟು ಗಂಭೀರವಾಗಿರಲಿಲ್ಲ, ಬಾಟಲಿಯೂ ಅಷ್ಟು ತುಂಬಿರಲಿಲ್ಲ. ಶಾಲೆಯ ಜವಾನನ ಕೈಗಂಟೆ ಹೋಗಿದ್ದರಿಂದ ಮಕ್ಕಳು ಇನ್ನೂ ಅಂಗಳದಲ್ಲೇ ಹಿಮದ ಉಂಡೆ ಎಸೆದಾಡುತ್ತಿದ್ದರು. ದರ್ಜಿಯ ಹೆಂಡತಿಯ ದೂರು ಮಾತ್ರ ಬೇರೆ ತೆರನದು. ಅಕ್ಕಪಕ್ಕದ ಮನೆಗಳಿಂದೆಲ್ಲ ಗಂಟೆ ತೆಗೆದುಕೊಂಡು ಹೋದವರು ತನ್ನ ಗಂಟೆಯನ್ನು ಮುಟ್ಟಿಯೂ ನೋಡದೆ ಬಿಟ್ಟುಹೋಗಿದ್ದಾರೆ, ಅದಕ್ಕೇನು ಕೊರತೆ ಎಂದು ಅವಳು ಕೇಳುತ್ತಿದ್ದಳು.

ಠಾಣಾಧಿಕಾರಿ ಕಪಾಲ್ದೊ ದಕ್ಷಿಣದ ಕಡಲತೀರದವನು. ಪ್ರಾದಲ್ತೊಗೆ ವರ್ಗವಾಗಿ ಬಂದು ಆರು ವರ್ಷವಾಗಿದ್ದರೂ ಕಾಲುಚೀಲದ ಮೇಲೆ ಕಾಲುಚೀಲ ಹಾಕಿಕೊಂಡೇ ಬದುಕುತ್ತಿದ್ದ. ಅವನು ಕೈಪಿಡಿ ತರಿಸಿ, ಹನ್ನೊಂದನೇ ಪುಟವನ್ನು ನಾಲ್ಕು ಭಾಷೆಗಳಲ್ಲೂ ಬೆರಳಿಟ್ಟು ನೋಡಿ, ಕನ್ನಡಕ ತೆಗೆದ.

"ಅಮ್ಮಾ, ಒಡೆಯರ ಒಪ್ಪಿಗೆ ಇಲ್ದೆ ತಗೊಂಡ್ರೆ ಅದು ಕಳ್ಳತನ. ಇಲ್ಲಿ ಪುರಸಭೆಯೇ ಮೊಹರು ಹಾಕಿ ಒಪ್ಪಿಗೆ ಕೊಟ್ಟಿದೆ. ಒಂದ್ಸಲ ಅಲ್ಲ, ನಾಲ್ಕು ಸಲ. ನಾನು ಹಿಡೀಬೇಕು ಅಂದ್ರೆ ಇದನ್ನ ಬರೆದೋನನ್ನ ಹಿಡೀಬೇಕು."

ಬರೆದವನು ಯಾರೆಂದು ಕೈಪಿಡಿಯಲ್ಲಿ ಇರಲಿಲ್ಲ. ಆದರೆ ತುಲ್ಲಿಯೊ ಹದಿನೈದು ದಿನಗಳಿಂದ ಬೇಕರಿ, ಅಂಚೆಕಚೇರಿ, ಕ್ಷೌರದಂಗಡಿ ಎಲ್ಲ ಕಡೆ ಅದು ತನ್ನದೇ ಎಂದು ಸಾರಿಕೊಂಡು ಬಂದಿದ್ದ. ಸಾಲಿನಲ್ಲಿದ್ದ ಹದಿನಾಲ್ಕು ಮುಖಗಳೂ ಒಟ್ಟಿಗೆ ಅವನ ಕಡೆ ತಿರುಗಿದವು. ಲೇಖಕನಿಗೆ ಓದುಗರ ಮುಖಾಮುಖಿ ಸಿಗುವುದು ಅಪರೂಪ. ತುಲ್ಲಿಯೊ ಹಿಂಬಾಗಿಲಿಂದ ಹೊರಟ.

ಇದನ್ನೆಲ್ಲ ಸರಿಪಡಿಸೋಣವೆಂದು ಮೇಯರ್ ಬಳಿ ಓಡಿದರೆ ಅವರು ಆನಂದದಲ್ಲಿ ತೇಲುತ್ತಿದ್ದರು. ಬೆಳಗಿನ ದೂರದರ್ಶನದಲ್ಲಿ, ಪರದೇಶದವರಿಗೆ ಮನೆಯ ಗಂಟೆಯನ್ನೇ ಬಿಚ್ಚಿಕೊಡುವ ಊರು ಎಂದು ಪ್ರಾದಲ್ತೊವನ್ನು ಹೊಗಳಿದ್ದರು. ಮೇಯರ್ ಕ್ಯಾಮೆರಾದ ಮುಂದೆ ನಿಂತು, ಇದು ನಮ್ಮ ಪೂರ್ವಿಕರಿಂದ ಬಂದ ಪದ್ಧತಿ ಎಂದು ಹೇಳಿಯೂ ಆಗಿತ್ತು. ಅಂಥ ಪದ್ಧತಿ ಯಾವುದೂ ಇಲ್ಲ, ಆರು ಸಾಲು ಖಾಲಿಯಿತ್ತೆಂದು ತಾನೇ ಬರೆದದ್ದು ಎಂದು ತುಲ್ಲಿಯೊ ಒಪ್ಪಿಕೊಂಡ. ಮೇಯರ್ ಅವನನ್ನು ಕರುಣೆಯಿಂದ ನೋಡಿದರು.

"ನೀವು ಕೆಳಗಿನ ಕಣಿವೆಯಲ್ಲಿ ಹುಟ್ಟಿದೋರು ತುಲ್ಲಿಯೊ. ಇಲ್ಲಿನ ಹಳೇ ಸಂಗತಿ ನಿಮಗೆ ಹೇಗ್ರೀ ಗೊತ್ತಿರತ್ತೆ? ನಮ್ಮ ತಾತ ಹೀಗೇ ಮಾಡ್ತಿದ್ರು. ನನಗೆ ಈಗ ಚೆನ್ನಾಗಿ ನೆನಪಾಗ್ತಿದೆ."

ಪಂದ್ಯ ಮುಗಿಯುವವರೆಗೆ ಯಾರಾದರೂ ಅತಿಥಿಗಳಿಂದ ಗಂಟೆ ವಾಪಸು ಕೇಳಿದ್ದು ಕಿವಿಗೆ ಬಿದ್ದರೆ ಸುಮ್ಮನಿರುವುದಿಲ್ಲ ಎಂದೂ ಅವರು ಹೇಳಿದರು. ಮನೆಗೆ ಬಂದರೆ ಅತ್ತೆಯ ಆಜ್ಞೆ ಇದಕ್ಕೆ ತದ್ವಿರುದ್ಧ. ಗಂಟೆ ಬರುವ ತನಕ ಅಡುಗೆಮನೆಯಲ್ಲಿ ಅವನಿಗೆ ತಟ್ಟೆಯಿಲ್ಲ. ಆವತ್ತು ಅವಳು ಮಾಡಿದ್ದು ರೊಟ್ಟಿಯ ಉಂಡೆ ಹಾಕಿದ ಸಾರು. ಅದರ ಘಮ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂತು, ಸಾರು ಬರಲಿಲ್ಲ. ತುಲ್ಲಿಯೊ ಕಿಟಕಿಯ ಪಕ್ಕ ಕೂತು ಒಣಮೀನು ಜಗಿದ.

ಮರುದಿನ ಅವನು ಒಬ್ಬನೇ ಓಟದ ಬಯಲಿಗೆ ಹೋದ. ಮೂರು ಸಾವಿರ ಜನ, ಕೈಗೊಂದು ಗಂಟೆ. ಸಣ್ಣದು, ದೊಡ್ಡದು, ತಮ್ಮ ದೇಶದಿಂದ ತಂದದ್ದು, ಮೇಕೆಯದು, ಶಾಲೆಯದು. ಗಂಟೆ ಹಿಡಿದವರ ಹತ್ತಿರ ಹೋಗಿ ಬಗ್ಗಿ ನೋಡಿದರೆ, ಪಾಪ, ಇವನಿಗೆ ಬಾರಿಸುವ ಆಸೆ ಎಂದು ತಿಳಿದು ಅವರು ಇವನ ಕೈಗೇ ಕೊಡುತ್ತಿದ್ದರು. ಹೀಗೆ ಮಧ್ಯಾಹ್ನದ ಹೊತ್ತಿಗೆ ಅವನು ಏಳು ದೇಶಗಳ ಪರವಾಗಿ ಗಂಟೆ ಬಾರಿಸಿದ್ದ. ಕೆಂಪು ಮುಖದ ಒಬ್ಬಳು ಅವನ ಕೆನ್ನೆಗೆ ತನ್ನ ದೇಶದ ಬಾವುಟ ಬರೆದು ಮುತ್ತು ಕೊಟ್ಟಳು. ಆ ಕೆನ್ನೆಯನ್ನು ಹೊತ್ತುಕೊಂಡು ಬರಿಗೈಯಲ್ಲಿ ಮನೆಗೆ ಬಂದ ಅಳಿಯನನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. ನಿಜ ಹೇಳಬೇಕೆಂದರೆ, ಗಂಟೆ ಎದುರಿಗೆ ಬಂದರೂ ತನಗೆ ಗುರುತು ಸಿಗುವುದಿಲ್ಲ, ಎಲ್ಲ ಗಂಟೆಯೂ ಒಂದೇ ಥರ ಕೇಳಿಸುತ್ತದೆ ಎಂದು ತುಲ್ಲಿಯೊ ತಲೆ ತಗ್ಗಿಸಿದ. ಹನ್ನೆರಡು ವರ್ಷ ಅದರ ಕೆಳಗೇ ಓಡಾಡಿದವನ ಬಾಯಿಂದ ಈ ಮಾತು ಬಂದದ್ದು ಅತ್ತೆಗೆ ಕಳ್ಳತನಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮೂರನೆಯ ದಿನ ಅವಳೇ ಹೊರಟಳು. ಕಪ್ಪು ಕೋಟು, ಹಬ್ಬಕ್ಕೆ ತೊಡುವ ಟೋಪಿ, ಕಬ್ಬಿಣದ ತುದಿಯ ಕೋಲು. ಗೇಟು ದಾಟಿದ್ದಷ್ಟೇ, ಎದುರುಮನೆಯ ಬಾಗಿಲು ತೆರೆಯಿತು. ಚೆಲೆಸ್ತೀನೊ ಪೈಪು ಜೇಬಿಗಿಟ್ಟುಕೊಂಡು ರಸ್ತೆಗೆ ಇಳಿದ. ತುಲ್ಲಿಯೊ ಗೇಟಿನ ಹಿಂದೆ ಸರಿದ. ಮೂವತ್ತೊಂದು ವರ್ಷಗಳ ಮೇಲೆ ಈ ಮನುಷ್ಯ ಆಡುವ ಮೊದಲ ಮಾತು ಏನಿರಬಹುದೆಂದು ಊರಿನಲ್ಲಿ ಬಾಜಿ ಕಟ್ಟಿದವರಿದ್ದರು. ಅವರಲ್ಲಿ ಒಬ್ಬನೂ ಗೆಲ್ಲಲಿಲ್ಲ.

"ನಿಂಗೆ ಎಡಗಿವಿ ಕೇಳಲ್ಲ. ಒಬ್ಳೇ ಹೋಗಿ ಏನ್ ಹುಡುಕ್ತೀಯ?" ಎಂದ.

ಅತ್ತೆ ಕೋಲಿನ ತುದಿಯಿಂದ ರಸ್ತೆಯ ಹಿಮ ಕುಟ್ಟಿದಳು. "ನಿಂಗೆ ಬಲಗಿವಿ ಕೇಳಲ್ಲ" ಎಂದಳು.

"ಅದಕ್ಕೇ ಹೇಳಿದ್ದು."

ಇಬ್ಬರೂ ಬಯಲಿನಲ್ಲಿ ಕೇಳುವ ಕಿವಿಗಳನ್ನು ಹೊರಗೆ ಮಾಡಿ, ಕೇಳದ ಕಿವಿಗಳನ್ನು ಒಂದಕ್ಕೊಂದು ತಾಗುವಂತೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ನಿಂತರು. ಆವತ್ತು ಹೆಂಗಸರ ಉದ್ದದ ಓಟ. ಗದ್ದಲ ಹೇಗಿತ್ತೆಂದರೆ ತುಲ್ಲಿಯೊಗೆ ತನ್ನ ಹಸಿದ ಹೊಟ್ಟೆಯ ಸದ್ದೂ ಕೇಳುತ್ತಿರಲಿಲ್ಲ. ಅವನು ಆ ಇಬ್ಬರ ಹಿಂದೆ, ಆಸ್ಪತ್ರೆಯಲ್ಲಿ ಫಲಿತಾಂಶ ಕಾಯುವವನಂತೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಂದು ತಾಸು ಕಳೆಯಿತು. ಗೆದ್ದವರು ಗುರಿ ಮುಟ್ಟಿದರು, ಸೋತವರೂ ಮುಟ್ಟಿದರು, ಜನ ಬಿಸಿ ದ್ರಾಕ್ಷಾರಸ ಹುಡುಕಿಕೊಂಡು ಚದುರತೊಡಗಿದರು. ಗಂಟೆಗಳು ಒಂದೊಂದಾಗಿ ಬಾಯಿ ಮುಚ್ಚಿದವು.

"ಅದೇ" ಎಂದರು ಇಬ್ಬರೂ ಒಟ್ಟಿಗೆ.

ತಡೆಬೇಲಿಯ ತೀರಾ ತುದಿಯಲ್ಲಿ, ನೀಲಿ ಸ್ವೆಟರಿನ ಒಬ್ಬ ಭಾರಿ ಮುದುಕ ಎರಡೂ ಕೈಯಲ್ಲಿ ಗಂಟೆ ಎತ್ತಿ ಬಾರಿಸುತ್ತಿದ್ದ. ಕಂಚಿನ ಅಂಚು ಹಿಂದೆಂದೋ ಸೀಳಿದ್ದರಿಂದ ಅದರ ನಾದ ಕುಂಟುತ್ತಿತ್ತು: ಡೊಂಯ್, ಆಮೇಲೊಂದು ಕಟಕ್. ಅವನ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಹೆಸರು ಥೊರ್ಗ್ರೀಮುರ್, ಐಸ್‌ಲ್ಯಾಂಡಿನವನು, ಎಂಬುದು ಆಮೇಲೆ ತಿಳಿಯಿತು. ಅವನ ಗುಂಪಿನವರು ಊರಲ್ಲಿ ಸುತ್ತಾಡಿ ಬುಟ್ಟಿ ತುಂಬ ಗಂಟೆ ತಂದು ಹಂಚಿಕೊಂಡಾಗ ಇದು ಅವನ ಪಾಲಿಗೆ ಬಂದಿತ್ತು.

ತುಲ್ಲಿಯೊ ಮೇಯರ್ ಎಲ್ಲಾದರೂ ಇದ್ದಾರೆಯೇ ಎಂದು ನಾಲ್ಕೂ ದಿಕ್ಕು ನೋಡಿಕೊಂಡು ಮುದುಕನ ಹತ್ತಿರ ಹೋದ. ಗಂಟೆಯನ್ನೂ ಅತ್ತೆಯನ್ನೂ ತೋರಿಸಿ, ಇದು ಇವರದು ಎಂದು ಕೈಸನ್ನೆ ಮಾಡಿದ. ಥೊರ್ಗ್ರೀಮುರನಿಗೆ ಊರಿನ ಭಾಷೆ ಬರುತ್ತಿರಲಿಲ್ಲ. ಆದರೆ ಕೈಪಿಡಿಯಲ್ಲಿ ತುಲ್ಲಿಯೊನೇ ಪಟ್ಟಿ ಮಾಡಿದ್ದ ಇಪ್ಪತ್ತು ಉಪಯುಕ್ತ ವಾಕ್ಯಗಳಿದ್ದವಲ್ಲ. ಅವನು ಒಂದು ಕೈಯಲ್ಲಿ ಪುಟ ತಿರುವಿ, ಹುಡುಕಿ, ಅತ್ತೆಗೆ ತಲೆಬಾಗಿ ಗಟ್ಟಿಯಾಗಿ ಓದಿದ.

"ಇದು ತುಂಬಾ ರುಚಿಯಾಗಿದೆ."

ಮತ್ತೆ ಕಣಿವೆಯ ಕಡೆ ಬೆರಳು ಮಾಡಿದ. ದೂರದ ಇಳಿಜಾರಿನಲ್ಲಿ ಒಬ್ಬಳೇ ಒಬ್ಬ ಹುಡುಗಿ ಸ್ಕೀ ಎಳೆದುಕೊಂಡು ಬರುತ್ತಿದ್ದಳು. ಅವಳ ಹಿಂದೆ ಓಟವೇ ಮುಗಿದಿತ್ತು. ದಾರಿಯ ಗುರುತಿನ ಕಂಬಗಳನ್ನು ಕೀಳುವ ಕೆಲಸದವರು ಅವಳ ಬೆನ್ನಿಗೇ ಕಂಬ ಕೀಳುತ್ತ ಬರುತ್ತಿದ್ದರು. ಮುದುಕ ತನ್ನ ಎದೆ ಮುಟ್ಟಿಕೊಂಡು, ಅಂಗೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು, ಅದನ್ನು ನಿಧಾನವಾಗಿ ಹೆಗಲಿನವರೆಗೆ ಏರಿಸಿದ. ಮೊಮ್ಮಗಳು ಎಂಬುದು ಯಾರಿಗಾದರೂ ಅರ್ಥವಾಗುವಂತಿತ್ತು. ಆಮೇಲೆ ಮತ್ತೆ ಬಾರಿಸಲು ಹೋದರೆ ತೋಳು ಮೇಲೇಳಲಿಲ್ಲ. ಒಂದೂವರೆ ತಾಸಿನಿಂದ ಬಾರಿಸಿ ಬಾರಿಸಿ ಸೋತಿತ್ತು. ಗಂಟೆ ಒಮ್ಮೆ ಕಟಕ್ ಎಂದು ಸುಮ್ಮನಾಯಿತು.

ಈಗ ಕೇಳಿದರೆ ಕೊಟ್ಟುಬಿಡುತ್ತಾನೆ ಎಂದು ತುಲ್ಲಿಯೊ ಅತ್ತೆಯ ಕಿವಿಯಲ್ಲಿ, ಅದೂ ಕೇಳದ ಕಿವಿಯಲ್ಲಿ, ಪಿಸುಗುಟ್ಟಿದ. ಅತ್ತೆ ಕೋಲನ್ನು ಅವನ ಕೈಗೆ ತುರುಕಿ, ಗಂಟೆಯ ಚರ್ಮದ ಪಟ್ಟಿಯನ್ನು ಹಿಡಿದುಕೊಂಡಳು.

"ಹಿಡಿಯೋದೇ ತಪ್ಪು. ಪಟ್ಟಿ ಹಿಡಿದು ಸೊಂಟದಿಂದ ತೂಗ್ಬೇಕು" ಎಂದಳು.

ತೂಗಿದಳು. ಎಪ್ಪತ್ನಾಲ್ಕರ ಅವಳಿಂದ ಅಷ್ಟು ದೊಡ್ಡ ಶಬ್ದ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಹತ್ತಿಪ್ಪತ್ತು ಸಲ ಆದ ಮೇಲೆ ಅವಳ ಉಸಿರು ಕಟ್ಟಿತು. ಆಗ ಚೆಲೆಸ್ತೀನೊ ಪಟ್ಟಿಯ ಇನ್ನೊಂದು ತುದಿ ಹಿಡಿದ. ಮೂವತ್ತೊಂದು ವರ್ಷ ಕಿಟಕಿಯಿಂದ ನೋಡಿದ್ದ ಗಂಟೆ ಅವನ ಕೈಗೆ ಬಂದಿತ್ತು. ಒಬ್ಬರು ಆ ಕಡೆ, ಒಬ್ಬರು ಈ ಕಡೆ, ನಡುವೆ ಕೊಂತೆಸ್ಸಾಳ ಗಂಟೆ ಡೊಂಯ್, ಕಟಕ್ ಎಂದು ಕಣಿವೆಯನ್ನು ತುಂಬಿತು. ದ್ರಾಕ್ಷಾರಸದ ಅಂಗಡಿಯ ಮುಂದಿದ್ದವರು ಲೋಟ ಹಿಡಿದುಕೊಂಡೇ ವಾಪಸು ಬಂದರು. ಎಲ್ಲೆಲ್ಲೋ ಸುಮ್ಮನಾಗಿದ್ದ ಗಂಟೆಗಳೂ ಶುರುವಾದವು. ಹುಡುಗಿ ಐವತ್ತೇಳರಲ್ಲಿ ಐವತ್ತೇಳನೆಯವಳಾಗಿ ಗುರಿ ಮುಟ್ಟಿ, ಮುಖ ಅಡಿಯಾಗಿ ಹಿಮದಲ್ಲಿ ಬಿದ್ದು, ಮಲಗಿದಲ್ಲಿಂದಲೇ ಕೈ ಎತ್ತಿದಳು. ಗೆದ್ದವಳಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಥೊರ್ಗ್ರೀಮುರ್ ಕಣ್ಣೊರೆಸಿಕೊಂಡು, ಕೈಪಿಡಿ ತಿರುವಿ, ಅತ್ತೆಯ ಕೈ ಹಿಡಿದು ಹೇಳಿದ: "ಶೌಚಾಲಯ ಎಲ್ಲಿದೆ ದಯವಿಟ್ಟು ಹೇಳಿ." ಸಾಲು ತಪ್ಪಿ ಓದಿದ್ದು ಎಲ್ಲರಿಗೂ ತಿಳಿಯಿತು, ಯಾರೂ ನಗಲಿಲ್ಲ.

ಅತ್ತೆ ಗಂಟೆಯನ್ನು ಅವನ ಕೈಗೇ ವಾಪಸು ಕೊಟ್ಟಳು. ಮುದುಕ ಕೈಪಿಡಿಯಲ್ಲಿ ಬೆರಳಿಟ್ಟು ತೋರಿಸಿದ ಹಾಗೆ ಹುಡುಗಿಗೆ ಭಾನುವಾರ ಇನ್ನೊಂದು ಓಟವಿದೆಯಂತೆ, ಆಮೇಲೆ ತಂದುಕೊಡಲಿ ಎಂದಳು. ತುಲ್ಲಿಯೊಗೆ ತಲೆ ತಿರುಗಿತು. ಆದರೆ ಆವತ್ತು ರಾತ್ರಿ ಊಟಕ್ಕೆ ತಟ್ಟೆ ಸಿಕ್ಕಿದ್ದರಿಂದ ಅವನು ಏನನ್ನೂ ಪ್ರಶ್ನಿಸಲಿಲ್ಲ.

ಭಾನುವಾರ ಪಂದ್ಯ ಮುಗಿಯಿತು. ಗಂಟೆಗಳು ಬಹುಮಟ್ಟಿಗೆ ಜಗುಲಿಗಳಿಗೆ ಹಿಂದಿರುಗಿದವು. ದರ್ಜಿಯ ಹೆಂಡತಿಯ ಗಂಟೆಯನ್ನೂ ಕೊನೆಯ ದಿನ ಯಾರೋ ಒಯ್ದು ತಂದಿಟ್ಟು ಅವಳ ಮಾನ ಉಳಿಸಿದ್ದರು. ಮೇಯರ್ ತುಲ್ಲಿಯೊನನ್ನು ಕರೆಸಿ, ನಮ್ಮ ಪ್ರಾಚೀನ ಗಂಟೆಪದ್ಧತಿಯ ಇತಿಹಾಸವನ್ನು ನೂರು ಪುಟಗಳಲ್ಲಿ ಬರೆದುಕೊಡಿ ಎಂದರು. ನೂರು ಪುಟವೆಂದರೆ ಎಷ್ಟು ಸಾಲಾಗುತ್ತದೆಂದು ಲೆಕ್ಕ ಹಾಕಿದ ತುಲ್ಲಿಯೊ ಬೆವರಿ, ನಾಯಿಗಳ ಪರವಾನಗಿ ನವೀಕರಿಸುವ ಕಾಲವಿದು, ಬಿಡುವಿಲ್ಲ ಎಂದು ಕೈಮುಗಿದ. ಬರವಣಿಗೆಗಾಗಿ ಹಸಿದಿದ್ದವನು ಬರವಣಿಗೆಗೆ ಹೆದರಿ ಓಡಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಅತ್ತೆಯ ಜಗುಲಿ ಮಾತ್ರ ಸೋಮವಾರವೂ ಖಾಲಿಯಿತ್ತು. ತುಲ್ಲಿಯೊ ಹೊರಗೆ ಬಂದು ನೋಡಿದರೆ ಗಂಟೆ ರಸ್ತೆಯ ಆಚೆ, ಚೆಲೆಸ್ತೀನೊನ ಜಗುಲಿಯಲ್ಲಿ, ಬಿಸಿಲಿಗೆ ಫಳಫಳ ಹೊಳೆಯುತ್ತ ತೂಗುತ್ತಿತ್ತು. ವಿಚಾರಿಸಿದಾಗ ಬೇಕರಿಯವನು ಕಂಡದ್ದನ್ನು ಹೇಳಿದ. ಥೊರ್ಗ್ರೀಮುರ್ ಗಂಟೆ ಹಿಡಿದುಕೊಂಡು ಬೀದಿಯಲ್ಲಿ ಮನೆ ಹುಡುಕುತ್ತಿದ್ದನಂತೆ. ಬಾಗಿಲಲ್ಲಿ ಹಿಮ ಸರಿಸುತ್ತಿದ್ದ ಚೆಲೆಸ್ತೀನೊನ ಗುರುತು ಹತ್ತಿ, ಅಂದು ಜೊತೆಯಲ್ಲಿ ಬಾರಿಸಿದ ಮುದುಕಿ ಇವನ ಹೆಂಡತಿಯೇ ಇರಬೇಕೆಂದು ಖಾತ್ರಿ ಮಾಡಿಕೊಳ್ಳಲು ಕೈಪಿಡಿ ತೆರೆದು, "ಇಬ್ಬರಿಗೆ ಒಂದು ಕೋಣೆ?" ಎಂದು ಕೇಳಿದನಂತೆ. ಚೆಲೆಸ್ತೀನೊ ಒಂದು ಕ್ಷಣ ಯೋಚಿಸಿ ಹೌದೆಂದು ತಲೆಯಾಡಿಸಿದನಂತೆ. ಅರ್ಥವಾಗಿ ಆಡಿಸಿದನೋ ಅರ್ಥವಾಗದೆ ಆಡಿಸಿದನೋ ಎಂಬುದು ಊರಿನಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ಅತ್ತೆ ಅದನ್ನು ಕಿಟಕಿಯಿಂದ ನೋಡಿದಳು. ಹಬ್ಬದ ಟೋಪಿ ಹಾಕಿಕೊಂಡು, ಕೋಲು ಹಿಡಿದು, ರಸ್ತೆ ದಾಟಿದಳು. ಇನ್ನೂ ಮೂವತ್ತೊಂದು ವರ್ಷದ ಜಗಳ ಗ್ಯಾರಂಟಿ ಎಂದುಕೊಂಡ ತುಲ್ಲಿಯೊ ಠಾಣೆಗೆ ಓಡಿ, ಕಪಾಲ್ದೊವನ್ನು ಅವನ ಎರಡು ಜೊತೆ ಕಾಲುಚೀಲಗಳ ಸಮೇತ ಎಳೆದು ತಂದ. ಇಬ್ಬರೂ ಚೆಲೆಸ್ತೀನೊನ ಬೇಲಿಯ ಬಳಿ ಕಿವಿಗೊಟ್ಟು ನಿಂತರು. ಕೂಗಾಟವಿಲ್ಲ, ಪಾತ್ರೆ ಬಿದ್ದ ಸದ್ದಿಲ್ಲ. ಮೆಕ್ಕೆಜೋಳದ ಮುದ್ದೆ ತಿರುವುವ ವಾಸನೆ ಬಂತು. ಕಾದು ಕಾದು ಕಪಾಲ್ದೊಗೆ ಕಾಲು ಮರಗಟ್ಟಿತು. ಅವನು ಗೊಣಗುತ್ತ ಹೊರಟುಹೋದ.

ಅತ್ತೆ ಹೊರಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಜಗುಲಿಯಲ್ಲಿ ನಿಂತು ಗಂಟೆಯ ಪಟ್ಟಿಯನ್ನು ಒಮ್ಮೆ ಎಳೆದು ನೋಡಿದಳು. ತುಲ್ಲಿಯೊ ಧೈರ್ಯ ತಂದುಕೊಂಡು, ಬಿಚ್ಚಿ ಮನೆಗೆ ತರಲೇ ಎಂದು ಕೇಳಿದ.

"ಬೇಡ, ಇಲ್ಲೇ ಇರ್ಲಿ" ಎಂದಳು ಅತ್ತೆ, ಕೈಗವಸು ಹಾಕಿಕೊಳ್ಳುತ್ತ. "ಅವನ ಮನೆ ಮೊಳೆ ಗಟ್ಟಿಯಾಗಿದೆ. ಆದ್ರೆ ಕಂಚು ಉಜ್ಜೋದು ಗೊತ್ತಿಲ್ಲ ಅವನಿಗೆ. ನಾನು ದಿನಾ ಬರ್ಬೇಕಾಗತ್ತೆ."